ಕಾಕನಕೋಟೆಯ ಆನೆ, ಹ್ಯಾನೋವರಿನ ಅಜ್ಜ, ಅರಿಕುಠಾರದ ಕೂಸು

ಗುಂಡ್ಲುಪೇಟೆ ದಾಟಿ ಬಂಡೀಪುರದ ಹಾದಿ ಹಿಡಿದರೆ ಬಲಗಡೆಗೆ ಕಾಡು ಹಬ್ಬಿಕೊಂಡೇ ಹೋಗುತ್ತದಲ್ಲ, ಅದು ಎಲ್ಲಿಯವರೆಗೆ ಹೋಗುತ್ತದೆ ಗೊತ್ತೇ? ಪಡುವಣಕ್ಕೆ ಹಾಗೇ ಸಾಗಿ ಕಬಿನಿಯ ಹಿನ್ನೀರಿಗೆ ಮುಟ್ಟುತ್ತದೆ. ನೀರಿನ ಈ ದಡ ಬಂಡೀಪುರ, ಆ ದಡ ನಾಗರಹೊಳೆ. ನಡುವೆ ನಿಂತ ನೀರಿನಡಿ ಮುಳುಗಿರುವುದು ಹಳೆಯ ಕಾಕನಕೋಟೆಯ ಕಾಡು, ಮೈಸೂರು ಮಹಾರಾಜರ ಆನೆ ಖೆಡ್ಡಾ ನಡೆಯುತ್ತಿದ್ದ ನೆಲ. ಅಲ್ಲಿಗೆ 1906ರಲ್ಲಿ ಒಬ್ಬ ರಾಜಕುಮಾರಿ ಬಂದಿದ್ದಳು. ಬ್ರಿಟನ್ನಿನ ಯುವರಾಜನ ಹೆಂಡತಿ, ಮುಂದೆ ಭಾರತದ ಸಾಮ್ರಾಜ್ಞಿ ಎನಿಸಿಕೊಂಡವಳು. ಇಷ್ಟನ್ನು ಇತಿಹಾಸದ ಮೇಷ್ಟರು ಯಾರಾದರೂ ಹೇಳಿಯಾರು. ಆದರೆ ಆಕೆಯ ತವರು ಯಾವುದು, ಅಪ್ಪ ಯಾರು, ಅಜ್ಜ ಯಾರು ಎಂದು ಕೆದಕುತ್ತಾ ಹೋದರೆ ಎದುರಾಗುವುದು ಜರ್ಮನಿ. ಜರ್ಮನಿಯನ್ನು ಇನ್ನೂ ಕೆದಕಿದರೆ ಎದುರಾಗುವುದು ಕನ್ನಡ! ಕನ್ನಡದಿಂದ ಇನ್ನೊಂದು ಹೆಜ್ಜೆ ಇಟ್ಟರೆ ನಮ್ಮ ಯಳಂದೂರು, ನಮ್ಮ ಚಾಮರಾಜನಗರ. ಹೇಗೆ ಅನ್ನುತ್ತೀರಾ? ಒಂದೊಂದಾಗಿ ಹೇಳುತ್ತೇನೆ ಕೇಳಿ.

ಆಕೆಯ ಪೂರ್ತಿ ಹೆಸರು ವಿಕ್ಟೋರಿಯಾ ಮೇರಿ ಅಗಸ್ಟಾ ಲೂಯಿಸ್ ಓಲ್ಗಾ ಪಾಲಿನ್ ಕ್ಲಾಡಿನ್ ಆಗ್ನೆಸ್. ಎಂಟು ಹೆಸರು! ಹುಟ್ಟಿದ್ದು 1867ರ ಮೇ 26ರಂದು. ತಿಂಗಳ ಹೆಸರೇ ಗಟ್ಟಿಯಾಗಿ ನಿಂತಿತು, ಮನೆಮಂದಿಗೆಲ್ಲ ಆಕೆ ‘ಮೇ’. ಹುಟ್ಟಿದ ಜಾಗ ಲಂಡನ್ನಿನ ಕೆನ್ಸಿಂಗ್ಟನ್ ಅರಮನೆ, ಆಡಿದ ಮಾತು ಇಂಗ್ಲಿಷ್. ಬಿರುದು ಮಾತ್ರ ‘ಪ್ರಿನ್ಸೆಸ್ ಆಫ್ ಟೆಕ್’. ಟೆಕ್ ಎಂಬುದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ರಾಜ್ಯದ ಒಂದು ಬೆಟ್ಟ, ಬೆಟ್ಟದ ಮೇಲೊಂದು ಹಾಳು ಕೋಟೆ. ಆ ಕೋಟೆಯಲ್ಲಿ ಆಕೆಯ ಅಪ್ಪನೂ ಬಾಳಲಿಲ್ಲ, ಆಕೆಯೂ ಬಾಳಲಿಲ್ಲ. ಹಾಗಿದ್ದರೆ ಆ ಹೆಸರು ಅಂಟಿಕೊಂಡದ್ದಾದರೂ ಹೇಗೆ? ಅದರ ಹಿಂದೆ ಒಂದು ಮದುವೆಯ ತಕರಾರು ಇದೆ.

ಆಕೆಯ ಅಜ್ಜ ವುರ್ಟೆಂಬರ್ಗಿನ ಡ್ಯೂಕ್ ಅಲೆಕ್ಸಾಂಡರ್ ಮನಸಾರೆ ಮೆಚ್ಚಿ ಕೈಹಿಡಿದದ್ದು ಕ್ಲಾಡಿನ್ ರೇದೈ ಎಂಬ ಹಂಗೇರಿಯ ಚೆಲುವೆಯನ್ನು. ಹೆಣ್ಣು ಒಳ್ಳೆಯ ಜಮೀನ್ದಾರಿ ಮನೆತನದವಳೇ. ಆದರೆ ರಾಜರ ಮಗಳಲ್ಲ. ಯೂರೋಪಿನ ರಾಜಮನೆಗಳಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ಕಾನೂನಿತ್ತು. ಮದುವೆಯೇನೋ ಮದುವೆಯೇ, ಮಕ್ಕಳೂ ಮಕ್ಕಳೇ, ಆದರೆ ಸಿಂಹಾಸನದ ಪಟ್ಟಿಯಲ್ಲಿ ಆ ಮಕ್ಕಳ ಹೆಸರು ಬರುವಂತಿಲ್ಲ, ಅಪ್ಪನ ಬಿರುದು ಹಚ್ಚಿಕೊಳ್ಳುವಂತಿಲ್ಲ. ಕ್ಲಾಡಿನ್ 1841ರಲ್ಲಿ ಚಿಕ್ಕ ಪ್ರಾಯದಲ್ಲೇ ತೀರಿಹೋದಳು. ಸೇನಾ ಕವಾಯತು ನೋಡಲು ಹೋಗಿದ್ದಾಗ ಕುದುರೆಗಳ ಕಾಲಿಗೆ ಸಿಕ್ಕಿ ಸತ್ತಳೆಂಬ ಕಥೆ ಆ ಮನೆತನದಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿದೆ. ಆಕೆಯ ಮಗ ಫ್ರಾನ್ಸಿಸ್ ಬೆಳೆದು ನೋಡಲು ಸುರಸುಂದರಾಂಗನಾದ. ಕೈಯಲ್ಲಿ ಕಾಸಿಲ್ಲ, ಮುಂದೆ ಗದ್ದುಗೆಯಿಲ್ಲ. ವುರ್ಟೆಂಬರ್ಗಿನ ಅರಸರು ಕೊನೆಗೆ 1863ರಲ್ಲಿ ಅವನಿಗೆ ‘ಪ್ರಿನ್ಸ್ ಆಫ್ ಟೆಕ್’ ಎಂಬ ಬಿರುದು ಕೊಟ್ಟು ಸಮಾಧಾನ ಮಾಡಿದರು, 1871ರಲ್ಲಿ ಅದನ್ನು ಡ್ಯೂಕ್ ಪದವಿಗೆ ಏರಿಸಿದರು. ಬಿರುದು ಉಂಟು, ರಾಜ್ಯ ಇಲ್ಲ.

ಇನ್ನು ಅಮ್ಮ. ಮೇರಿ ಅಡಿಲೇಡ್, ಕೇಂಬ್ರಿಜ್ ಡ್ಯೂಕ್ ಅಡಾಲ್ಫಸನ ಮಗಳು. ಅಡಾಲ್ಫಸ್ ಯಾರ ಮಗ? ಮೂರನೆಯ ಜಾರ್ಜ್ ದೊರೆಯ ಮಗ. ಹೌದು, ಅದೇ ಮೂರನೆಯ ಜಾರ್ಜ್! ಯಾರ ಹೆಸರಿನಲ್ಲಿ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆದು ಟಿಪ್ಪುವನ್ನು ಕೊಂದರೋ ಅದೇ ದೊರೆ. ನಮ್ಮ ಕಾಡಿಗೆ ಬಂದ ‘ಮೇ’ ಅವನ ಮರಿಮಗಳು.

ಈಗ ಆಸನ ಗಟ್ಟಿ ಮಾಡಿಕೊಂಡು ಕುಳಿತುಕೊಳ್ಳಿ. ಆ ಕಾಲಕ್ಕೆ ಬ್ರಿಟನ್ನಿನ ದೊರೆಯೇ ಜರ್ಮನಿಯ ಹ್ಯಾನೋವರ್ ರಾಜ್ಯಕ್ಕೂ ದೊರೆ. ದೊರೆ ಇರುವುದು ಲಂಡನ್ನಿನಲ್ಲಿ, ಹ್ಯಾನೋವರ್ ನೋಡಿಕೊಳ್ಳುವವರು ಯಾರು? ಅದಕ್ಕೆಂದೇ 1816ರಿಂದ 1837ರವರೆಗೆ ಅಲ್ಲಿ ಕೂತು ಆಡಳಿತ ನಡೆಸಿದವನು ಈ ಅಡಾಲ್ಫಸ್, ಮೇರಿಯ ತಾಯಿಯ ತಂದೆ. ಮೇರಿಯ ತಾಯಿ ಹುಟ್ಟಿದ್ದೂ ಹ್ಯಾನೋವರಿನಲ್ಲೇ, 1833ರ ನವೆಂಬರಿನಲ್ಲಿ. ಅದಕ್ಕೆ ಒಂದೂವರೆ ವರ್ಷ ಮುಂಚೆ, 1832ರ ಏಪ್ರಿಲ್ 7ರಂದು, ಅದೇ ಹ್ಯಾನೋವರ್ ರಾಜ್ಯದ ಕಡಲಂಚಿನ ಈಸ್ಟ್ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಒಬ್ಬ ಪಾದ್ರಿಯ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ಹೆಸರು ಫರ್ಡಿನೆಂಡ್. ಮನೆತನದ ಹೆಸರು ಕಿಟ್ಟೆಲ್.

ಅದೇ ಕಿಟ್ಟೆಲ್! ನಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನ ಕಿಟ್ಟೆಲ್! ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಓಡಾಡಿ, ಎಪ್ಪತ್ತು ಸಾವಿರದಷ್ಟು ಪದಗಳನ್ನು ಕಾಳು ಆರಿಸಿದಂತೆ ಆರಿಸಿಟ್ಟ ಮಹಾನುಭಾವ. ಆ ಮಗು ಕಣ್ಣು ಬಿಟ್ಟಾಗ ಅಲ್ಲಿನ ಆಡಳಿತ ಹಿಡಿದಿದ್ದವನು, 74 ವರ್ಷಗಳ ನಂತರ ಕಬಿನಿ ದಂಡೆಗೆ ಬಂದ ಹೆಣ್ಣುಮಗಳ ಅಜ್ಜ.

ತಾಯಿ ಕಡೆ ಹೀಗಾಯಿತು. ತಂದೆ ಕಡೆ? ವುರ್ಟೆಂಬರ್ಗಿಗೆ ಬನ್ನಿ. 1811ರಲ್ಲಿ ಆ ರಾಜ್ಯದ ಬ್ರಾಕನ್‌ಹೈಮ್ ಊರಿನಲ್ಲಿ ಹುಟ್ಟಿದವನು ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ದ ಮೊದಲ ಸಂಚಿಕೆ ಹೊರಡಿಸಿದ ಪುಣ್ಯಾತ್ಮ. ಇವತ್ತಿಗೂ ಕನ್ನಡ ಪತ್ರಿಕಾ ದಿನ ಅಂದರೆ ಜುಲೈ 1. ಮತ್ತೆ ಕಿಟ್ಟೆಲ್? ಹ್ಯಾನೋವರಿನಲ್ಲಿ ಹುಟ್ಟಿದ ಆತ ಕೊನೆಗಾಲದಲ್ಲಿ ನೆಲೆ ನಿಂತು 1903ರಲ್ಲಿ ಕಣ್ಣುಮುಚ್ಚಿದ್ದು ಟ್ಯೂಬಿಂಗನ್ನಿನಲ್ಲಿ. ಟ್ಯೂಬಿಂಗನ್ ಇರುವುದು ವುರ್ಟೆಂಬರ್ಗಿನಲ್ಲಿ! ಅಮ್ಮನ ಸೀಮೆಯಲ್ಲಿ ಹುಟ್ಟಿ, ಅಪ್ಪನ ಸೀಮೆಯಲ್ಲಿ ಮಣ್ಣಾಗಿ, ನಡುವಿನ ಆಯುಸ್ಸನ್ನೆಲ್ಲ ಕನ್ನಡಕ್ಕೆ ಕೊಟ್ಟ. ಮೇರಿಗೆ ಇದೆಲ್ಲ ತಿಳಿದಿರಬೇಕು ಎಂದೇನೂ ಇಲ್ಲ. ನಮಗೆ ತಿಳಿದಿರಬೇಕಲ್ಲ!

ಹುಡುಗಿಯ ಬದುಕಿಗೆ ಬರೋಣ. ಬಿರುದಿನ ಮನೆ, ಖರ್ಚಿನ ಕೈ. ಮೇರಿ ಅಡಿಲೇಡಳಿಗೆ ದಾನಧರ್ಮ, ಔತಣ, ಒಡವೆ ಯಾವುದಕ್ಕೂ ಮಿತಿಯಿಲ್ಲ. ಸಾಲ ಏರಿ ಏರಿ 1883ರಲ್ಲಿ ಇಡೀ ಸಂಸಾರ ಲಂಡನ್ ಬಿಟ್ಟು ಇಟಲಿಯ ಫ್ಲಾರೆನ್ಸಿಗೆ ಹೋಗಿ ಕೂರಬೇಕಾಯಿತು. ಅರಮನೆಯ ಹುಡುಗಿ ಸಾಲಗಾರರ ಕಣ್ಣು ತಪ್ಪಿಸಿ ಪರದೇಶದಲ್ಲಿ! ಅಲ್ಲಿನ ಚಿತ್ರಶಾಲೆ, ಚರ್ಚುಗಳಲ್ಲಿ ಆಕೆ ಚಿತ್ರ ನೋಡುವುದನ್ನು ಕಲಿತಳು. ಹಳೆಯ ವಸ್ತುಗಳ ಹುಚ್ಚು ಹತ್ತಿದ್ದೂ ಆಗಲೇ. ಮೂವರು ತಮ್ಮಂದಿರ ಅಕ್ಕ. ಮೌನಿ, ಅಚ್ಚುಕಟ್ಟು. ಆದರೆ ಗಂಡು ಹುಡುಕುವುದು ಕಷ್ಟವಾಯಿತು. ಯೂರೋಪಿನ ದೊಡ್ಡ ರಾಜಮನೆಗಳು ಅಜ್ಜಿ ಕ್ಲಾಡಿನಳ ಕುಲ ಎಣಿಸಿ ಮೂಗು ಮುರಿದವು.

ಮೂಗು ಮುರಿಯದವಳು ಒಬ್ಬಳೇ, ವಿಕ್ಟೋರಿಯಾ ರಾಣಿ. ಮೇರಿಯ ನಾಮಕರಣದಲ್ಲಿ ಧರ್ಮತಾಯಿಯಾಗಿ ನಿಂತವಳು. ಇಲ್ಲೊಂದು ಸಣ್ಣ ಸುತ್ತು ಹಾಕಿ ಬರಲೇಬೇಕು. ಕೊಡಗಿನ ಕೊನೆಯ ದೊರೆ ಚಿಕವೀರರಾಜೇಂದ್ರ ತನ್ನ ಮುದ್ದಿನ ಮಗಳು ಗೌರಮ್ಮನನ್ನು ಲಂಡನ್ನಿಗೆ ಕರೆದೊಯ್ದನಲ್ಲ, 1852ರಲ್ಲಿ ಆ ಹುಡುಗಿಗೆ ದೀಕ್ಷಾಸ್ನಾನವಾದಾಗ ಧರ್ಮತಾಯಿಯಾಗಿ ತನ್ನ ಹೆಸರನ್ನೇ ಕೊಟ್ಟವಳೂ ಇದೇ ವಿಕ್ಟೋರಿಯಾ. ವಿಕ್ಟೋರಿಯಾ ಗೌರಮ್ಮ, ವಿಕ್ಟೋರಿಯಾ ಮೇರಿ. ಒಬ್ಬಳು ನಮ್ಮ ಕೊಡಗಿನಿಂದ ಲಂಡನ್ನಿಗೆ ಹೋಗಿ 1864ರಲ್ಲಿ ಎಳೆಯ ಪ್ರಾಯದಲ್ಲಿ ಅಲ್ಲೇ ತೀರಿಕೊಂಡಳು. ಇನ್ನೊಬ್ಬಳು ಮೂರು ವರ್ಷದ ನಂತರ ಲಂಡನ್ನಿನಲ್ಲಿ ಹುಟ್ಟಿ ಕೊಡಗಿನ ನೆರೆಯ ಕಾಡಿಗೆ ಬಂದಳು. ಇಬ್ಬರಿಗೂ ಧರ್ಮತಾಯಿ ಒಬ್ಬಳೇ!

ರಾಣಿ ವಿಕ್ಟೋರಿಯಾ ತನ್ನ ಮೊಮ್ಮಗ ಆಲ್ಬರ್ಟ್ ವಿಕ್ಟರನಿಗೆ ಮೇರಿಯನ್ನು ತಂದುಕೊಳ್ಳಲು ನಿಶ್ಚಯಿಸಿದಳು. 1891ರ ಡಿಸೆಂಬರಿನಲ್ಲಿ ನಿಶ್ಚಿತಾರ್ಥ. ಆರು ವಾರ ಕಳೆಯುವಷ್ಟರಲ್ಲಿ, 1892ರ ಜನವರಿ 14ರಂದು, ವರ ಜ್ವರ ಬಂದು ಸತ್ತ. ಮದುವೆಗೆ ಸಿದ್ಧವಾಗಿದ್ದ ಮನೆಯಲ್ಲಿ ಹೆಣ. ಮುಂದಿನ ವರ್ಷ ಜುಲೈ 6ಕ್ಕೆ ಅವನ ತಮ್ಮ ಜಾರ್ಜನ ಜೊತೆ ಮದುವೆ ಮಾಡಿದರು. ಲೆಕ್ಕಾಚಾರದ ಮದುವೆ ಎಂದು ಊರು ಆಡಿಕೊಂಡಿತು. ಆದರೆ ಗಂಡಹೆಂಡಿರು ಕೊನೆಯವರೆಗೂ ಒಬ್ಬರಿಗೊಬ್ಬರು ಅಂಟಿಕೊಂಡೇ ಬದುಕಿದರು.

ಸತ್ತುಹೋದ ಆ ವರನ ವಿಷಯಕ್ಕೆ ಮತ್ತೆ ಬರುತ್ತೇನೆ. ಏಕೆಂದರೆ ಮೈ ನವಿರೇಳುವುದು ಅಲ್ಲೇ. ನಿಶ್ಚಿತಾರ್ಥಕ್ಕೆ ಎರಡು ವರ್ಷ ಮುಂಚೆ, 1889ರಲ್ಲಿ, ಆಲ್ಬರ್ಟ್ ವಿಕ್ಟರ್ ಭಾರತ ಪ್ರವಾಸಕ್ಕೆ ಬಂದಿದ್ದ. ಬಂದವನು ಮೈಸೂರಿಗೂ ಬಂದಿದ್ದ. ಬಂದು ಏನು ನೋಡಿದ? ಆನೆ ಖೆಡ್ಡಾ! ತೋರಿಸಿದವನು ಯಾರು? ಜಿ. ಪಿ. ಸ್ಯಾಂಡರ್ಸನ್!

ಸ್ಯಾಂಡರ್ಸನ್ ಹೆಸರು ಬಂದ ಮೇಲೆ ಚಾಮರಾಜನಗರದವರು ಎದೆ ಉಬ್ಬಿಸಬೇಕು. ಮೈಸೂರು ಸೀಮೆಯಲ್ಲಿ ಕಾಡಾನೆಗಳನ್ನು ಹಿಂಡುಹಿಂಡಾಗಿ ಹಿಡಿಯುವ ಖೆಡ್ಡಾ ಮೊದಲು ಕೈಗೂಡಿದ್ದು ಚಾಮರಾಜನಗರದ ಸೀಮೆಯಲ್ಲಿ, ಹೊನ್ನುಹೊಳೆ ಎಂದು ನಾವು ಕರೆಯುವ ಸುವರ್ಣಾವತಿಯ ಬಯಲಿನ ಕರಡಿಹಳ್ಳಿ ಕಾಡಿನಲ್ಲಿ, 1874ರ ಜೂನಿನಲ್ಲಿ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಹೈದರಾಲಿ ಕಾಕನಕೋಟೆಯಲ್ಲಿ ಈ ಸಾಹಸ ಮಾಡಿ ಕೈಸುಟ್ಟುಕೊಂಡಿದ್ದ. ಇಲ್ಲಿ ಆನೆ ಹಿಡಿಯುವುದು ಯಾರಿಂದಲೂ ಆಗದು, ಯತ್ನಿಸಿದವರಿಗೆ ಶಾಪ ತಟ್ಟಲಿ ಎಂದು ಕಲ್ಲು ನೆಡಿಸಿದ್ದ ಎಂದು ಸ್ಯಾಂಡರ್ಸನ್ನೇ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ನೀರಾವರಿ ಇಲಾಖೆಯ ಈ ಇಂಜಿನಿಯರು ಕಾಲುವೆ ನೋಡುವುದು ಬಿಟ್ಟು ಆನೆಯ ಬೆನ್ನು ಹತ್ತಿದ. ಮೊದಲ ಪ್ರಯತ್ನ ಕೆಟ್ಟಿತು. ಎರಡನೆಯ ಸಲ ಐವತ್ತಕ್ಕೂ ಹೆಚ್ಚು ಆನೆ ಒಂದೇ ಏಟಿಗೆ ಒಳಗೆ! ದಾರಿ ತೋರಿಸಿದವರು, ಕಾಡು ಸುತ್ತುವರಿದು ರಾತ್ರಿಯಿಡೀ ಬೆಂಕಿ ಕಾದವರು ಸುತ್ತಮುತ್ತಲ ಹಳ್ಳಿಯವರು ಮತ್ತು ಕಾಡಿನವರು. ಆಮೇಲೆ ಖೆಡ್ಡಾದ ಭರಾಟೆ ಕಾಕನಕೋಟೆಗೆ ಹೋಯಿತು. ಅಲ್ಲಿನ ವೈಭವ ದೇಶದೇಶಗಳಿಗೆ ಗೊತ್ತು. ಆ ವಿದ್ಯೆ ಪಳಗಿದ್ದು ನಮ್ಮ ಹೊನ್ನುಹೊಳೆ ದಂಡೆಯಲ್ಲಿ ಎಂಬುದು ಎಷ್ಟು ಜನಕ್ಕೆ ಗೊತ್ತು?

ಹಾಗೆ ಮೇರಿಯ ಮೊದಲ ವರ ಮೈಸೂರಿನ ಖೆಡ್ಡಾ ನೋಡಿ ಹೋದ. ಹದಿನಾರು ವರ್ಷ ಕಳೆದು ಆಕೆ ಅವನ ತಮ್ಮನ ಹೆಂಡತಿಯಾಗಿ ಅದೇ ಮೈಸೂರಿನ ಖೆಡ್ಡಾ ನೋಡಲು ಬಂದಳು. ಸಿನಿಮಾ ಕಥೆಯಲ್ಲಿ ಹೀಗೆ ಬರೆದರೆ ಅತಿಯಾಯಿತು ಅನ್ನುತ್ತೇವೆ.

1905ರ ನವೆಂಬರ್ 9ರಂದು ಯುವರಾಜ ದಂಪತಿ ‘ರಿನೌನ್’ ಹಡಗಿನಲ್ಲಿ ಬೊಂಬಾಯಿಗೆ ಬಂದಿಳಿದರು. ಮನೆಯಲ್ಲಿ ಆರು ಮಕ್ಕಳು, ಕೊನೆಯವನು ಜಾನ್ ಹುಟ್ಟಿ ನಾಲ್ಕೇ ತಿಂಗಳು. ಕಲ್ಕತ್ತೆಯಲ್ಲಿ ವಿಕ್ಟೋರಿಯಾ ಸ್ಮಾರಕಕ್ಕೆ ಅಡಿಗಲ್ಲು, ಬರ್ಮಾ, ಮದರಾಸು ಎಲ್ಲ ಮುಗಿಸಿ 1906ರ ಜನವರಿ ಕೊನೆಗೆ ಮೈಸೂರಿಗೆ ಬಂದರು. ಎದುರುಗೊಂಡವರು ನಾಲ್ವಡಿ ಕೃಷ್ಣರಾಜ ಒಡೆಯರು, ಇನ್ನೂ 21ರ ಯುವಕ. 1897ರಲ್ಲಿ ಸುಟ್ಟುಹೋಗಿದ್ದ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ನನ ಹೊಸ ಅರಮನೆ ಆಗ ಅರ್ಧಕ್ಕೆ ಎದ್ದಿತ್ತು. ಮುಗಿದದ್ದು 1912ರಲ್ಲಿ.

ಆಗ ಮೈಸೂರಿನ ದಿವಾನರು ಯಾರು? ಪಿ. ಎನ್. ಕೃಷ್ಣಮೂರ್ತಿ. ಎಲ್ಲಿಯವರು? ಯಳಂದೂರಿನ ಜಹಗೀರುದಾರರು! ದಿವಾನ್ ಪೂರ್ಣಯ್ಯನವರ ವಂಶದ ಕುಡಿ. ಈಗ ಲೆಕ್ಕ ಹಾಕಿ. ಹೈದರನಿಗೂ ಟಿಪ್ಪುವಿಗೂ ಮಂತ್ರಿಯಾಗಿದ್ದ ಪೂರ್ಣಯ್ಯ 1799ರಲ್ಲಿ ಸೋತು ನಿಂತದ್ದು ಮೂರನೆಯ ಜಾರ್ಜನ ಸೇನೆಯ ಮುಂದೆ. ಅದೇ ಪೂರ್ಣಯ್ಯ ಐದು ವರ್ಷದ ಕೂಸು ಮುಮ್ಮಡಿ ಕೃಷ್ಣರಾಜರ ಪರವಾಗಿ ರಾಜ್ಯ ನಡೆಸಿ, 1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದರು. ನೂರು ವರ್ಷ ಕಳೆಯಿತು. ಮೂರನೆಯ ಜಾರ್ಜನ ಮರಿಮಗಳು ಮೈಸೂರಿಗೆ ಬಂದಿಳಿದಾಗ ಆತಿಥ್ಯದ ಹೊಣೆ ಹೊತ್ತ ಸರ್ಕಾರದ ತಲೆಯಾಗಿ ನಿಂತವರು ಪೂರ್ಣಯ್ಯನವರ ವಂಶಜ, ಎದುರುಗೊಂಡವರು ಮುಮ್ಮಡಿಯವರ ವಂಶಜ. 1799ರ ಮೂರು ಮನೆತನ 1906ರಲ್ಲಿ ಒಂದೇ ಊರಿನಲ್ಲಿ! ಯಳಂದೂರಿನಲ್ಲಿ ಪೂರ್ಣಯ್ಯನವರ ಬಂಗಲೆ ಈಗಲೂ ನಿಂತಿದೆ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರು ನಿಂತು ನೋಡಿ.

ಮೈಸೂರಿನಿಂದ ಸವಾರಿ ಕಾರಾಪುರಕ್ಕೆ. ಇವತ್ತು ಸರ್ಕಾರದ ಜಂಗಲ್ ಲಾಡ್ಜ್ ಇರುವ ಆ ಜಾಗದಲ್ಲಿ ಮಹಾರಾಜರ ಶಿಕಾರಿ ಬಿಡಾರ. ಅಲ್ಲಿಂದ ಕಾಕನಕೋಟೆ. ಖೆಡ್ಡಾ ಹೇಗೆ ನಡೆಯುತ್ತಿತ್ತು ಎಂಬುದನ್ನು ಒಂದಿಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ನೋಡಿದವರು ಈಗ ಕೆಲವರೇ ಉಳಿದಿದ್ದಾರೆ.

ತಿಂಗಳುಗಟ್ಟಲೆ ಮೊದಲೇ ಕೆಲಸ ಶುರು. ಜೇನುಕುರುಬರು ಹೆಜ್ಜೆ, ಲದ್ದಿ, ಮುರಿದ ಬಿದಿರು ನೋಡಿ ಹಿಂಡು ಎಲ್ಲಿದೆ, ಎಷ್ಟಿದೆ, ಮರಿ ಎಷ್ಟು ಎಂದು ಹೇಳಬೇಕು. ಆಮೇಲೆ ನೂರಾರು ಜನ ಕಾಡನ್ನು ದೊಡ್ಡ ಬಳಸು ಬಳಸಿ ಸಾಲಾಗಿ ಕೂರುತ್ತಾರೆ. ಹಗಲು ಸದ್ದಿಲ್ಲ, ಇರುಳು ಬೆಂಕಿ. ಆನೆ ಸಾಲಿನ ಹತ್ತಿರ ಬಂದರೆ ತಮಟೆ, ಸೀಳು ಬಿದಿರಿನ ಚಟಪಟ, ಹುಸಿಗುಂಡು. ದಿನದಿನಕ್ಕೂ ಬಳಸು ಬಿಗಿಯಾಗುತ್ತಾ ಹಿಂಡು ಹೊಳೆಯ ಕಡೆಗೆ ಸರಿಯುತ್ತದೆ. ಕೊನೆಯ ದಿನ ಒಮ್ಮೆಲೇ ಗದ್ದಲ! ಬಿದಿರು ಮೆಳೆ ಮುರಿದುಕೊಂಡು ಹಿಂಡು ಕಬಿನಿಗೆ ಧುಮುಕುತ್ತದೆ. ಮರಿಗಳನ್ನು ತಾಯಂದಿರು ಸೊಂಡಿಲಿನಲ್ಲಿ ಒತ್ತಿಕೊಂಡು ಈಜುತ್ತವೆ. ಹಿಂದೆ ತಿರುಗದಂತೆ ಸಾಕಾನೆಗಳ ಮೇಲೆ ಮಾವುತರು ಎರಡೂ ಕಡೆ ಗೋಡೆ ಕಟ್ಟಿ ನಿಲ್ಲುತ್ತಾರೆ. ಎದುರು ದಡದಲ್ಲಿ ದಾರಿ ಕಾಣುತ್ತದೆ, ಎರಡು ಬದಿಗೂ ಸೊಪ್ಪು ಮುಚ್ಚಿದ ಬೇಲಿ. ಹಿಂಡು ನುಗ್ಗುತ್ತದೆ. ದಾರಿ ಕಿರಿದಾಗುತ್ತದೆ. ಮರದ ದಿಮ್ಮಿಗಳ ದೊಡ್ಡಿ. ಕೊನೆಯ ಆನೆ ಒಳಗೆ ಬಿತ್ತೋ, ಮೇಲೆ ಕಟ್ಟಿದ್ದ ಹಗ್ಗ ಕಡಿದು ಬಾಗಿಲು ದಬ್ಬೆಂದು ಕೆಳಗೆ!

ಸೊಪ್ಪಿನ ಮರೆಯಲ್ಲಿ ಕಟ್ಟಿದ ಅಟ್ಟಣೆಯ ಮೇಲೆ ಕೂತ ಅತಿಥಿಗಳು ಉಸಿರು ಬಿಗಿಹಿಡಿದಿರಬೇಕು, ಕೆಮ್ಮುವಂತಿಲ್ಲ. ನಿಜವಾದ ಎದೆಗಾರಿಕೆ ಕಾಣುವುದು ಆಮೇಲೆ. ಸಾಕಾನೆಗಳು ಒಂದು ಕಾಡಾನೆಯನ್ನು ಎರಡು ಬದಿಗೂ ಒತ್ತಿ ಹಿಡಿದಾಗ, ಒಬ್ಬ ಆಳು ಹಗ್ಗ ಹಿಡಿದು ಸರ್ರನೆ ನೆಲಕ್ಕಿಳಿದು ಹಿಂಗಾಲಿಗೆ ಕುಣಿಕೆ ಹಾಕುತ್ತಾನೆ. ಆನೆ ಒಮ್ಮೆ ಹಿಂದಕ್ಕೆ ಒದ್ದರೆ ಕಥೆ ಮುಗಿಯಿತು. ಆತನ ಮೈಮೇಲೆ ಒಂದು ಚಡ್ಡಿ, ತಲೆಗೆ ಒಂದು ರುಮಾಲು, ಅಷ್ಟೇ. ದೊರೆಗಳ ಪ್ರವಾಸದ ಪುಸ್ತಕಗಳಲ್ಲಿ ಯುವರಾಜನ ಉಡುಪಿನ ವಿವರವಿದೆ, ಊಟದ ವಿವರವಿದೆ. ಈ ಆಳುಗಳ ಹೆಸರು ಹುಡುಕಿದರೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಆ ಅಟ್ಟಣೆಯ ಮೇಲಿದ್ದವರಿಗಿಂತ ಕೆಳಗಿದ್ದವರೇ ದೊಡ್ಡವರು.

ಫೆಬ್ರವರಿ 5ಕ್ಕೆ ಪರಿವಾರ ಬೆಂಗಳೂರಿನಲ್ಲಿ. ಕಬ್ಬನ್ ಪಾರ್ಕಿನ ಮೂಲೆಯಲ್ಲಿ ಬಿಳಿ ಅಮೃತಶಿಲೆಯ ವಿಕ್ಟೋರಿಯಾ ಇದ್ದಾಳಲ್ಲ, ಅದನ್ನು ಯುವರಾಜ ಅನಾವರಣ ಮಾಡಿದ್ದು ಅಂದೇ. ಎಂ. ಜಿ. ರಸ್ತೆಯಲ್ಲಿ ಅಲ್ಲಿಂದ ಒಂದಿಷ್ಟು ನಡೆದರೆ ಕಿಟ್ಟೆಲ್ ಪ್ರತಿಮೆ. ಮೇರಿಯ ಧರ್ಮತಾಯಿ ಅಲ್ಲಿ, ಮೇರಿಯ ಅಜ್ಜನ ಪ್ರಜೆ ಇಲ್ಲಿ. ದಿನವೂ ಬಸ್ಸಿನಲ್ಲಿ ಹಾದುಹೋಗುವ ನಮಗೆ ಇದು ಹೊಳೆದೇ ಇರಲಿಲ್ಲ!

ಇಷ್ಟು ಹೇಳಿ ಅರಿಕುಠಾರವನ್ನು ಬಿಟ್ಟರೆ ಚಾಮರಾಜನಗರದವರು ನನ್ನನ್ನು ಬಿಡುವುದಿಲ್ಲ. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. 1776ರಲ್ಲಿ ಮೈಸೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ ಹೈದರ್ ಅರಸು ಮನೆತನಗಳ ಪುಟ್ಟ ಮಕ್ಕಳನ್ನು ಒಂದು ಹಜಾರದಲ್ಲಿ ಸೇರಿಸಿದ. ಸುತ್ತ ಮಿಠಾಯಿ, ಹಣ್ಣು, ಆಟಿಕೆ, ಆಯುಧ ಹರಡಿಸಿದ. ಉಳಿದ ಮಕ್ಕಳೆಲ್ಲ ತಿಂಡಿಗೆ ಮುಗಿಬಿದ್ದರೆ ಒಂದು ಕೂಸು ಕಠಾರಿ ಹಿಡಿಯಿತು. ಇವನೇ ರಾಜ ಎಂದ ಹೈದರ್. ಅರಿಕುಠಾರದ ದೇವರಾಜ ಅರಸರ ಮಗ, ಖಾಸಾ ಚಾಮರಾಜ ಒಡೆಯರು. ಅವರ ಮಗ ಮುಮ್ಮಡಿ 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು, ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪ ಕಟ್ಟಿಸಿದರು.

ಗುಂಡ್ಲುಪೇಟೆಯದೂ ಇಂಥದೇ ಕಥೆ. ಮುಂದೆ ಮೈಸೂರಿನ ಹೆಸರಾಂತ ದೊರೆಯಾದ ಚಿಕ್ಕದೇವರಾಜ ಯೌವನದಲ್ಲಿ ದೊರೆಯಾಗುವ ಆಸೆಯೇ ಇಲ್ಲದಂತೆ ಪಕ್ಕದ ಹಂಗಳದಲ್ಲಿ ಕಾವಲಿನಲ್ಲಿದ್ದ. ನೀನು ರಾಜನಾಗುತ್ತೀಯ ಎಂದು ಧೈರ್ಯ ತುಂಬಿದವನು ಯಳಂದೂರಿನ ಜೈನ ಪಂಡಿತ ವಿಶಾಲಾಕ್ಷ. 1673ರಲ್ಲಿ ಪಟ್ಟವಾಯಿತು, ಪಂಡಿತನೇ ಮಂತ್ರಿಯಾದ. ತಂದೆಯ ನೆನಪಿಗೆ ದೊರೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯ ಕಟ್ಟಿಸಿದ.

ಹೀಗಿರುವಾಗ ‘ಟೆಕ್’ ಹುಡುಗಿ ನಮಗೆ ಪರಕೀಯಳು ಅನಿಸುವುದು ಹೇಗೆ? ಆಕೆಯೂ ಪಟ್ಟಿಯಲ್ಲಿ ಹೆಸರಿಲ್ಲದ ಕವಲಿನವಳು. ಯಾರೋ ಸತ್ತದ್ದರಿಂದ, ಯಾರೋ ಬೆರಳು ತೋರಿಸಿದ್ದರಿಂದ ರಾಣಿಯಾದವಳು. ಮೈಸೂರೇನು, ಲಂಡನ್ನೇನು, ಗದ್ದುಗೆ ಉಳಿದದ್ದು ಹೀಗೆ ಹೊರಗಿನ ಕವಲಿನಿಂದ ತಂದುಕೊಂಡವರಿಂದಲೇ. ಇನ್ನೂ ಸೋಜಿಗ ಬೇಕೇ? ಮುಮ್ಮಡಿಯವರು ದತ್ತು ತೆಗೆದುಕೊಂಡ ಬೆಟ್ಟದಕೋಟೆ ಮನೆತನದ ಹುಡುಗ ಚಾಮರಾಜೇಂದ್ರರಿಗೆ ಮೈಸೂರು ಮರಳಿ ಸಿಗುತ್ತದೆ ಎಂದು ಲಂಡನ್ನಿನ ಸರ್ಕಾರ ಒಪ್ಪಿ ಪತ್ರ ಬರೆದದ್ದು 1867ರ ಏಪ್ರಿಲ್ 16ರಂದು. ಮೇರಿ ಹುಟ್ಟಿದ್ದು ನಲವತ್ತು ದಿನಕ್ಕೆ! ಚಾಮರಾಜೇಂದ್ರರ ಪತ್ನಿ, ನಂಜನಗೂಡು ಸೀಮೆಯ ಕಳಲೆಯ ಮಗಳು ಕೆಂಪನಂಜಮ್ಮಣ್ಣಿ, ಮುಂದೆ ವಾಣಿವಿಲಾಸ ಸನ್ನಿಧಾನರೆಂದು ಹೆಸರಾದವರು, ಮೇರಿಗಿಂತ ಒಂದೇ ವರ್ಷ ದೊಡ್ಡವರು. 1894ನೇ ಇಸವಿ ನೋಡಿ. ಜೂನಿನಲ್ಲಿ ಮೇರಿಗೆ ಚೊಚ್ಚಲ ಮಗ ಎಡ್ವರ್ಡ್. ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಚಾಮರಾಜೇಂದ್ರರು ಗಂಟಲಮಾರಿಯಿಂದ ತೀರಿಕೊಂಡು ವಾಣಿವಿಲಾಸರು 28ಕ್ಕೇ ವಿಧವೆ. ಅದೇ ವರ್ಷ ಮಂಗಳೂರಿನಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾಗಿ ಬಂತು. ವಾಣಿವಿಲಾಸರು ಎಂಟು ವರ್ಷ ಮಗನ ಪರವಾಗಿ ರಾಜ್ಯವಾಳಿದರು. ಮೇರಿಗೆ ಕಿರೀಟ ಸಿಕ್ಕಿತು, ರಾಜ್ಯವಾಳುವ ಅಧಿಕಾರ ಒಂದು ದಿನಕ್ಕೂ ಸಿಗಲಿಲ್ಲ. ಆಳಿದ ಹೆಣ್ಣು ನಮ್ಮ ಕಳಲೆಯವಳೇ.

1910ರಲ್ಲಿ ಮೇರಿ ರಾಣಿ, 1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಸಾಮ್ರಾಜ್ಞಿ. ಆವತ್ತು ತೊಟ್ಟ ಪಚ್ಚೆಗಳ ಕಥೆಯೂ ಜರ್ಮನಿಯದೇ. ಆಕೆಯ ಅಜ್ಜಿ, ಹೆಸ್ಸೆ ಮನೆತನದ ಅಗಸ್ಟಾ, ಫ್ರಾಂಕ್‌ಫರ್ಟಿನ ಲಾಟರಿಯಲ್ಲಿ ಗೆದ್ದ ಪಚ್ಚೆಗಳು ಅವು. ನಡುವೆ ಮೇರಿಯ ತಮ್ಮ ಫ್ರಾಂಕ್ ಅವನ್ನು ತನ್ನ ಗೆಳತಿಗೆ ಉಯಿಲು ಬರೆದುಬಿಟ್ಟಿದ್ದ, ಅಕ್ಕ ಹಟ ಹಿಡಿದು ಬಿಡಿಸಿಕೊಂಡು ಬಂದಳು. ಲಾಟರಿಯಲ್ಲಿ ಗೆದ್ದ ಹರಳು ತೊಟ್ಟು ಭಾರತದ ರಾಜರಿಂದೆಲ್ಲ ಮುಜುರೆ ಮಾಡಿಸಿಕೊಂಡದ್ದು!

1914ರಲ್ಲಿ ತವರಿನ ದೇಶಕ್ಕೂ ಗಂಡನ ದೇಶಕ್ಕೂ ಯುದ್ಧ. ಜರ್ಮನಿಯಲ್ಲೇ ಉಳಿದಿದ್ದ ಮುದಿ ದೊಡ್ಡಮ್ಮನಿಗೆ ಕಾಗದ ಬರೆಯಲು ಸ್ವೀಡನ್ನಿನ ಬಂಧುಗಳ ಮೂಲಕ ದಾರಿ ಹುಡುಕಬೇಕಾಯಿತು. 1917ರಲ್ಲಿ ರಾಜಮನೆತನವೇ ಜರ್ಮನ್ ಹೆಸರು ಕಳಚಿ ವಿಂಡ್ಸರ್ ಆಯಿತು, ಮೇರಿಯ ತಮ್ಮಂದಿರು ‘ಟೆಕ್’ ಬಿಟ್ಟರು. ಮುಂದಿನ ವರ್ಷ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜರ್ಮನಿಯ ಮಿತ್ರ ತುರ್ಕರ ಮೇಲೆ ಕುದುರೆ ಏರಿ ನುಗ್ಗಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು.

ಮಕ್ಕಳ ಸುಖ ಆಕೆಗೆ ಅಷ್ಟಕ್ಕಷ್ಟೇ. ಮೂರ್ಛೆರೋಗದ ಜಾನ್ 13ಕ್ಕೆ ಹೋದ. ಹಿರಿಯ ಎಡ್ವರ್ಡ್ 1922ರ ಜನವರಿಯಲ್ಲಿ ಯುವರಾಜನಾಗಿ ಮೈಸೂರಿಗೆ ಬಂದು ನಾಲ್ವಡಿಯವರ ಆತಿಥ್ಯ ಪಡೆದವನು, 1936ರಲ್ಲಿ ಮೆಚ್ಚಿದ ಹೆಣ್ಣಿಗಾಗಿ ಸಿಂಹಾಸನವನ್ನೇ ಬಿಟ್ಟ. ಮುತ್ತಾತ ಅಲೆಕ್ಸಾಂಡರ್ ಮಾಡಿದ್ದನ್ನೇ ಮರಿಮಗ ಮಾಡಿದ ಅನ್ನಿ! ಇನ್ನೊಬ್ಬ ಮಗ 1942ರಲ್ಲಿ ವಿಮಾನ ಅಪಘಾತದಲ್ಲಿ ಸತ್ತ. ರಾಜನಾಗಿದ್ದ ಆರನೆಯ ಜಾರ್ಜ್ 1952ರಲ್ಲಿ. 1953ರ ಮಾರ್ಚ್ 24ರಂದು ಮೇರಿ ತೀರಿಕೊಂಡಾಗ ಮೊಮ್ಮಗಳು ಎಲಿಜಬೆತ್ತಳ ಪಟ್ಟಾಭಿಷೇಕಕ್ಕೆ ಹತ್ತು ವಾರ ಬಾಕಿ ಇತ್ತು. ಆ ಮೊಮ್ಮಗಳು 1961ರಲ್ಲಿ ಬೆಂಗಳೂರಿಗೆ ಬಂದಾಗ ಸ್ವಾಗತಿಸಿದವರು ನಾಲ್ವಡಿಯವರ ತಮ್ಮನ ಮಗ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ನಿಶ್ಚಯವಾಗಿದ್ದ ವರ, ಕೈಹಿಡಿದ ಗಂಡ, ಹೆತ್ತ ಮಗ, ಮೊಮ್ಮಗಳು. ಒಂದು ಹೆಣ್ಣಿನ ಇಡೀ ಬಾಳು ಕನ್ನಡ ನೆಲಕ್ಕೆ ಬಂದು ಹೋಗಿದೆ!

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟು ಬಂತು. ಅಂದು ಹಗ್ಗ ಹಿಡಿದವರು, ತಮಟೆ ಬಡಿದವರು, ಬೆಂಕಿ ಕಾದವರು ಬದುಕಿದ್ದರೆ ಈಗ ಎಪ್ಪತ್ತು ದಾಟಿದವರು. ರಾಣಿಯರ ವಂಶಾವಳಿ ಬರೆದಿಡಲು ಲಂಡನ್ನಿನಲ್ಲಿ, ಸ್ಟುಟ್‌ಗಾರ್ಟಿನಲ್ಲಿ ಜನರಿದ್ದಾರೆ. ಇವರದನ್ನು ಬರೆಯುವವರು ನಾವೇ. ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ, ಚಾಮರಾಜನಗರದ ಕಡೆ ನಿಮ್ಮ ಮನೆಯಲ್ಲೋ ಪಕ್ಕದ ಹಾಡಿಯಲ್ಲೋ ಖೆಡ್ಡಾಕ್ಕೆ ಹೋಗಿದ್ದ ಅಜ್ಜ ಇದ್ದರೆ, ಹಳೆಯ ಫೋಟೋ ಇದ್ದರೆ, ಈ ಬೇಸಿಗೆಯಲ್ಲೇ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಅವರ ಹೆಸರು, ಅವರ ಅಪ್ಪನ ಹೆಸರು, ಅವರು ಏರಿದ್ದ ಆನೆಯ ಹೆಸರು ಮೂರನ್ನೂ ಬರೆದಿಡಿ.